ಏಕಾದಶಿಯ ಕಡಲೆ ಮಿಠಾಯಿ

ತುಡಿಯಲೂರು
9-1-2024

ಮುದ್ದು ಸುಮೇಧಾ,

ಮೊದಲೇ ಹೇಳಿಬಿಡುತ್ತೇನೆ, ಅಪ್ಪ ಚೆನ್ನಾಗಿದ್ದಾರೆ. ನನ್ನ ಎದುರಿಗೇ ಕೂತು ಇಡ್ಲಿ ತಿನ್ನುತ್ತಿದ್ದಾರೆ. ಇನ್ನು ನೀನು ತಿರುಪ್ಪೂರಿನಲ್ಲಿ ನಿಶ್ಚಿಂತೆಯಾಗಿ ಓದಬಹುದು.

ಮೊನ್ನೆ ಭಾನುವಾರ ಮರಗಳ ಪರಿಚಯ ಮಾಡಿಸುವ ದಿವಾಕರ್ ಅವರ ಗುಂಪಿನ ಜೊತೆ ನಡಿಗೆಗೆ ಹೋಗಿದ್ದೆವಲ್ಲ, ಅವತ್ತು ಏಕಾದಶಿ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಉಪವಾಸವಿದ್ದರೆ ಪ್ರಾಣಕ್ಕೇ ಅಪಾಯ ಎಂದು ಡಾಕ್ಟರು ಅಪ್ಪನನ್ನು ಗದರಿದ್ದು ನಿನಗೂ ಗೊತ್ತು. ನನಗೆ ಉಪವಾಸ, ಅವರಿಗೆ ಮಾತ್ರ ಇಡ್ಲಿ ಮಾಡಿಟ್ಟು ಸ್ನಾನಕ್ಕೆ ಹೋದೆ. ಬರುವಷ್ಟರಲ್ಲಿ ತಟ್ಟೆ ಖಾಲಿ. ನಂಬಿದೆ. ಮಹಾರಾಯರು ಅಷ್ಟನ್ನೂ ಕಾಗೆಗೆ ಹಾಕಿದ್ದರು!

ಬೆಳಿಗ್ಗೆ ಊರಿನ ಪಾರ್ಕುಗಳಲ್ಲಿ ಏನೂ ಆಗಲಿಲ್ಲ. ಮರಗಳ ಹೆಸರನ್ನು ಅಪ್ಪ ದಿವಾಕರ್‌ಗಿಂತ ಮೊದಲೇ ಹೇಳಿ ಮೆರೆದರು. ಆಮೇಲೆ ವ್ಯಾನಿನಲ್ಲಿ ಆನೈಮಲೈ ಕಡೆಯ ಕಾಡಿಗೆ ಹೋದೆವು. ಸ್ವಲ್ಪ ದೂರ ಒಳಗೆ ನಡೆದಿದ್ದೆವೋ ಇಲ್ಲವೋ, ಅಪ್ಪನ ಮಾತು ತೊದಲಿತು, ಕೈ ನಡುಗಿತು, ಮೈಯೆಲ್ಲ ಬೆವರು. ಬಂಡೆಯೊಂದರ ಮೇಲೆ ಕುಸಿದು ಕೂತರು. ನನ್ನ ಜೀವ ಬಾಯಿಗೆ ಬಂತು. ಆಗ ನಿಜ ಹೇಳಿದರು, ಮಾತ್ರೆ ನುಂಗಿದ್ದೇನೆ, ಇಡ್ಲಿ ತಿಂದಿಲ್ಲ ಅಂತ.

ನಮ್ಮ ಗುಂಪಿನಲ್ಲೇ ಇದ್ದ ಅನ್ನೂರಿನ ಕನ್ನಿಯಮ್ಮಾಳ್, ಅವರೂ ಮನೆಯಲ್ಲಿ ಕನ್ನಡ ಆಡುವ ರೈತರು, ಚೀಲದಿಂದ ಕಡಲೆ ಮಿಠಾಯಿ ತೆಗೆದು, “ಮೊದ್ಲು ಬಾಯ್ಗೆ ಹಾಕ್ಕೊಳಿ ಸಾಮಿ, ದೇವ್ರ ಹತ್ರ ನಾನು ಹೇಳ್ಕೊತೀನಿ” ಎಂದರು. ಅಪ್ಪ ತಲೆಯಾಡಿಸಿ, “ವಾರಿಜಾ ಉಪವಾಸ ಇರ್ವಾಗ ನಾನ್ ಎಪ್ಪಡಿ ತಿನ್ನೋದು?” ಎಂದು ನನ್ನತ್ತ ಕೈ ತೋರಿಸಿದರು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಒಂದು ತುಂಡು ಕಿತ್ತುಕೊಂಡು ಅವರ ಕಣ್ಣೆದುರೇ ಬಾಯಿಗೆ ಹಾಕಿಕೊಂಡೆ. ಮದುವೆಯಾದಂದಿನಿಂದ ಒಂದು ಏಕಾದಶಿಯನ್ನೂ ಬಿಡದವಳು! ಅವರು ಪಿಳಿಪಿಳಿ ನೋಡಿ, ಮೆಲ್ಲಗೆ ಬಾಯಿ ತೆರೆದರು. ಸ್ವಲ್ಪ ಹೊತ್ತಿಗೆ ಬೆವರು ಆರಿತು, ಮಾತು ನೆಟ್ಟಗಾಯಿತು. ಕೂತಲ್ಲಿಂದಲೇ ಎದುರಿನ ಮರದ ಹೆಸರು ಹೇಳತೊಡಗಿದರು. ನಾನು ಕನ್ನಿಯಮ್ಮಾಳನ್ನು ತಬ್ಬಿಕೊಂಡು ಅತ್ತುಬಿಟ್ಟೆ.

ಬರುವಾಗ ವ್ಯಾನಿನಲ್ಲಿ ಯಾರಿಗೂ ಕೇಳದ ಹಾಗೆ, ನಿನ್ನ ಉಪವಾಸ ನನ್ನಿಂದ ಕೆಟ್ಟಿತು, ಇನ್ನು ಮೇಲೆ ಏಕಾದಶಿಗೂ ತಿನ್ನುತ್ತೇನೆ ಎಂದು ಮಾತು ಕೊಟ್ಟರು. ಅಂತೂ ಗೆದ್ದೆ ಮಗಳೇ.

ನೆಮ್ಮದಿಯಿಂದಿರುವ ನಿನ್ನ ಅಮ್ಮ,
ವಾರಿಜಾಕ್ಷಿ

ಮತ್ತೆ: ಬಾಯಿಗೆ ಹೋದದ್ದು ಬರೀ ನನ್ನ ಕೈ. ಮಿಠಾಯಿ ಸೆರಗಿನ ಗಂಟಿನಲ್ಲಿತ್ತು. ಮರುದಿನ ಪಾರಣೆ ಮುಗಿಸಿ ತಿಂದೆ, ಬಲು ರುಚಿ. ಫೋನಿನಲ್ಲಿ ಹೇಳಿದರೆ ಅಪ್ಪ ಪಕ್ಕದಲ್ಲೇ ಕೂತು ಕೇಳುತ್ತಾರೆ. ಇಲ್ಲೇ ಹುಟ್ಟಿ ತಮಿಳಿನಲ್ಲೇ ಓದಿ ಬೆಳೆದವರು, ಅವರಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬಾರದು. ಅದಕ್ಕೇ ಈ ಕಾಗದ. ಇದನ್ನು ಅವರೇ ನಡೆದು ಹೋಗಿ ಅಂಚೆ ಡಬ್ಬಿಗೆ ಹಾಕಿ ಬರುತ್ತಾರಂತೆ.