ಮ್ಯಾನೇಜರ್ ಕಾಲ್ಗುಣ

11 ಜನವರಿ 1982, ಸೋಮವಾರ. ಸಂಜೆ

ಹನ್ನೊಂದು ಜರ್ಸಿ, ಹನ್ನೊಂದು ನಿಕ್ಕರ್. ಒಗೆದು ಹರವುವಷ್ಟರಲ್ಲಿ ಸೊಂಟ ಬಿದ್ದುಹೋಯಿತು. ಸ್ಕೂಲಿಗೆ ಮತ್ತೆ ಲೇಟು. ಹೆಡ್‌ಮೇಡಂ ಗಡಿಯಾರ ನೋಡಿದರು, ಬಾಯಿಬಿಟ್ಟು ಏನೂ ಅನ್ನಲಿಲ್ಲ. ಅಂದಿದ್ದರೇ ವಾಸಿ.

ನಿನ್ನೆ ಗುಬ್ಬಿಯವರ ಮೇಲೆ ಸೋಲು. ಮೂರು–ಸೊನ್ನೆ. ಈ ಸೀಸನ್ನಿನಲ್ಲಿ ಇನ್ನೂ ಒಂದು ಮ್ಯಾಚೂ ಗೆದ್ದಿಲ್ಲ. ಗೆದ್ದರೂ ಸೋತರೂ ಬಟ್ಟೆಗೆ ಮಣ್ಣು ಅಷ್ಟೇ ಹತ್ತಿರುತ್ತದೆ.

ಇವರಿಗೆ ಸಂಬಳ ಹಿರೇಹಳ್ಳಿ ಫ್ಯಾಕ್ಟರಿಯಲ್ಲಿ, ಫೋರ್‌ಮನ್ ಕೆಲಸಕ್ಕೆ. ಜೀವ ಮಾತ್ರ ಶಿರಾ ಗೇಟ್ ಫ್ರೆಂಡ್ಸ್ ಫುಟ್‌ಬಾಲ್ ಟೀಮಿನಲ್ಲಿ. ಅದಕ್ಕೆ ಇವರು ಮ್ಯಾನೇಜರ್. ಮ್ಯಾನೇಜರ್ ಅಂದರೆ ಏನು ಅಂತ ಮದುವೆಯಾದ ಹೊಸದರಲ್ಲಿ ನನಗೂ ಗೊತ್ತಿರಲಿಲ್ಲ. ಬೆಳಿಗ್ಗೆ ಹುಡುಗರನ್ನು ಓಡಿಸಬೇಕು. ಯಾರು ಎಲ್ಲಿ ಆಡಬೇಕು ಅಂತ ಹೇಳಬೇಕು. ನಿಂಬೆಹಣ್ಣು ಕೊಯ್ದು ಕೊಡಬೇಕು. ಲೈನಿನಾಚೆ ನಿಂತು ಗಂಟಲು ಹರಿಯುವ ಹಾಗೆ ಕೂಗಬೇಕು. ಸೋತರೆ ಬೈಸಿಕೊಳ್ಳಬೇಕು. ಬಟ್ಟೆ ಒಗೆಯುವುದು ಮ್ಯಾನೇಜರ್ ಹೆಂಡತಿಗೆ ಬಿಟ್ಟಿದ್ದು.

ಬೈಯುವವರು ಪಕ್ಕದಲ್ಲೇ ಇದ್ದಾರೆ. ನಮ್ಮ ಗೋಡೆಯಾಚೆ ಬಾಬಾ ಜಾನ್ ಸೈಕಲ್ ಶಾಪು, ಅದರ ಮುಂದೊಂದು ಬೆಂಚು. ಟೀಮಿನ ಅಭಿಮಾನಿಗಳೆಲ್ಲ ಅಲ್ಲೇ ಠಿಕಾಣಿ. ನಮ್ಮ ಕಿಟಕಿ ಹಾಕಿದರೂ ಕೇಳುತ್ತದೆ. ಇವತ್ತು ಬೆಟ್ಟಸ್ವಾಮಿಯ ದರ್ಬಾರು. ಗುಬ್ಬಿ ರೂಟಿನ ಪ್ರೈವೇಟ್ ಬಸ್ಸಿನಲ್ಲಿ ಕಂಡಕ್ಟರ್ ಅವನು. ಗುಬ್ಬಿ ಪ್ಯಾಸೆಂಜರುಗಳು ಟಿಕೆಟ್ ತಗೊಳ್ಳುತ್ತಾ ಮೂರು ಬೆರಳು ತೋರಿಸಿ ನಗುತ್ತಾರಂತೆ. ಅವನಿಗೆ ಉರಿಯದೆ ಇರುತ್ತದೆಯೇ. ಮ್ಯಾನೇಜರನ್ನು ತೆಗೆಯಲೇಬೇಕು ಅಂತ ಅವನು. ಇನ್ನೆರಡು ಮ್ಯಾಚ್ ನೋಡೋಣ ಅಂತ ಬಾಬಾ ಜಾನ್.

ತೆಗೆದರೆ ತೆಗೆಯಲಿ. ಡಾಕ್ಟರು ಬಿಪಿ ನೋಡಿ, ಉಪ್ಪು ಬಿಡಿ, ಕೂಗಾಟ ಬಿಡಿ ಅಂದು ಎಷ್ಟು ದಿನವಾಯಿತು. ಉಪ್ಪು ನಾನು ಬಿಡಿಸಿದೆ. ಕೂಗಾಟ ಆ ಬೆಟ್ಟಸ್ವಾಮಿಯಿಂದ ಬಿಡುವುದಾದರೆ ಅವನ ಹೊಟ್ಟೆ ತಣ್ಣಗಿರಲಿ.

17 ಜನವರಿ, ಭಾನುವಾರ

ಬೆಳಿಗ್ಗೆ ಬಚ್ಚಲಿಂದ ಬರುವಾಗ ತಲೆ ಸುತ್ತಿ ಬಾಗಿಲು ಹಿಡಿದುಕೊಂಡರು. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಬೈದರು. ಎರಡು ವಾರ ಎಲ್ಲೂ ಹೋಗಕೂಡದು, ಗ್ರೌಂಡಿಗಂತೂ ತಲೆ ಹಾಕಕೂಡದು.

ಮಧ್ಯಾಹ್ನವೆಲ್ಲ ಮಂಚದ ಮೇಲೆ ಕೂತು ಚಾವಣಿ ನೋಡುತ್ತಿದ್ದರು. ಸಂಜೆ ಬೀದಿಯಲ್ಲಿ ಕೇಕೆ. ಕುಣಿಗಲ್ ಟೀಮನ್ನು ಎರಡು–ಒಂದರಲ್ಲಿ ಹೊಡೆದರಂತೆ. ಮೊದಲನೇ ಗೆಲುವು... ಇವರು ನೋಡಲಿಲ್ಲ.

"ಖುರ್ಷಿದ್‌ನ ಹಿಂದುಗಡೆಯಿಂದ ಮುಂದಕ್ಕೆ ಹಾಕಿದ್ದು ಕೆಲ್ಸ ಮಾಡ್ತು ಕಣೇ" ಅಂದರು. ಮುಖಕ್ಕೆ ಕಳೆ ಬಂದಿತ್ತು. ಖುರ್ಷಿದ್ ಪಾಷಾ ಟೀಮಿನ ಕ್ಯಾಪ್ಟನ್, ಇವರ ಫ್ಯಾಕ್ಟರಿಯಲ್ಲೇ ವೆಲ್ಡರ್. ದಸರೆಯಿಂದ ಅವನಿಗೆ ಹೊಸ ಜಾಗದ ಪ್ರಾಕ್ಟೀಸ್ ಮಾಡಿಸುತ್ತಿದ್ದರು. ಅವನು ಎಲ್ಲಿ ನಿಂತರೇನು ನನಗೆ. ಮಜ್ಜಿಗೆ ಕೊಟ್ಟು ಮಲಗಿಸಿದೆ.

24 ಜನವರಿ, ಭಾನುವಾರ

ಮತ್ತೆ ಗೆಲುವು. ಮೂರು–ಸೊನ್ನೆ. ಇವರು ಮನೆಯಲ್ಲೇ.

1 ಫೆಬ್ರವರಿ, ಸೋಮವಾರ. ಸಂಜೆ

ನಿನ್ನೆ, ಡಾಕ್ಟರು ಹೇಳಿದ ಎರಡು ವಾರ ಮುಗಿಯಿತು ಅಂತ ಗ್ರೌಂಡಿಗೆ ಹೋದರು. ಮ್ಯಾಚ್ ಮುಗಿಯುತ್ತಾ ಬರುವವರೆಗೂ ನಮ್ಮದೇ ಒಂದು ಗೋಲು ಮೇಲೆ. ಕೊನೇ ಗಳಿಗೆಯಲ್ಲಿ ನಮ್ಮ ಹುಡುಗನ ಕಾಲಿಗೇ ಬಡಿದು ಬಾಲು ನಮ್ಮ ಗೋಲಿನೊಳಗೆ. ಡ್ರಾ.

ಇವತ್ತು ಬೆಂಚಿನ ಮೇಲೆ ದೊಡ್ಡ ಚರ್ಚೆ. ಕಿಟಕಿ ಹತ್ತಿರ ಅಕ್ಕಿ ಆರಿಸುತ್ತಾ ಎಲ್ಲ ಕೇಳಿಸಿಕೊಂಡೆ. ಬಾಬಾ ಜಾನ್ ಪ್ರಕಾರ ಟೀಮು ಸುಧಾರಿಸಿದ್ದೇ ಮ್ಯಾನೇಜರಿಂದ, ದಸರೆಯಿಂದ ಪಟ್ಟ ಪಾಡು ಈಗ ಕೈಗೆ ಬರುತ್ತಿದೆ. ಬೆಟ್ಟಸ್ವಾಮಿ ಒಪ್ಪಲಿಲ್ಲ. ಮ್ಯಾನೇಜರ್ ಬರದಿದ್ದಾಗ ಎರಡು ಗೆಲುವು, ಬಂದ ದಿನ ಕೈಗೆ ಬಂದಿದ್ದು ಬಾಯಿಗೆ ಬರಲಿಲ್ಲ. ಪಾಠ ಚೆನ್ನಾಗಿ ಮಾಡ್ತಾರೆ, ಕಾಲ್ಗುಣ ಸರಿಯಿಲ್ಲ ಅಂದ.

ಕಾಲ್ಗುಣವಂತೆ. ಹೊಸ ಸೊಸೆಗೆ ಕಟ್ಟುವುದನ್ನು ಕೇಳಿದ್ದೆ. ಮೀಸೆ ಹೊತ್ತ ಫೋರ್‌ಮನ್‌ಗೆ ಕಟ್ಟಿದ್ದು ಇವತ್ತೇ ಕೇಳಿದ್ದು. ನಗು ತಡೆಯಲಾಗಲಿಲ್ಲ.

ಆಮೇಲೆ ಇಬ್ಬರೂ ಮನೆಗೇ ಬಂದರು. ಕಾಫಿ ಕೊಟ್ಟೆ. ಬಾಬಾ ಜಾನ್ ತಲೆ ಎತ್ತಲಿಲ್ಲ, ಲೋಟದೊಳಗೇ ನೋಡುತ್ತಿದ್ದ. ಬೆಟ್ಟಸ್ವಾಮಿಯೇ ಶುರು ಮಾಡಿದ.

"ಅಣ್ಣಾ, ಮ್ಯಾನೇಜರ್ ನೀವೇಯ. ಅದ್ರಾಗೆ ಎರಡು ಮಾತಿಲ್ಲ. ಮ್ಯಾಚ್ ದಿನ ಗ್ರೌಂಡ್ ತಾವ ಮಾತ್ರ ಬರ್ಬ್ಯಾಡಿ."

ಇವರು, ಹುಡುಗರು ಗೆದ್ದರೆ ಸಾಕಪ್ಪ, ನಾನೆಲ್ಲಿದ್ದರೇನು ಅಂದರು.

ನಿಜ ಹೇಳಬೇಕೆಂದರೆ ನನಗೆ ಖುಷಿಯಾಯಿತು. ಡಾಕ್ಟರ ಮಾತು ಕೇಳದವರು ಕಂಡಕ್ಟರ್ ಮಾತು ಕೇಳಿದರಲ್ಲ. ಭಾನುವಾರ ಮನೆಯಲ್ಲಿರುತ್ತಾರೆ. ಮಗಳು ಮೈಸೂರು ಹಾಸ್ಟೆಲ್ ಸೇರಿದ ಮೇಲೆ ಭಾನುವಾರ ಅನ್ನುವುದು ನನಗೊಬ್ಬಳಿಗೇ ಇತ್ತು.

7 ಫೆಬ್ರವರಿ, ಭಾನುವಾರ

ಚಿತ್ರಾನ್ನ, ಹೀರೇಕಾಯಿ ಬಜ್ಜಿ ಮಾಡಿದ್ದೆ. ಎರಡು ತುತ್ತು ತಿಂದು ಕೈ ತೊಳೆದರು. ಹಿತ್ತಲಲ್ಲಿ ನಿಂತರೆ ಗ್ರೌಂಡಿನ ಸದ್ದು ಕೇಳುತ್ತದೆ. ನಾಲ್ಕರಿಂದ ಅಲ್ಲೇ, ಒಗೆಯುವ ಕಲ್ಲಿನ ಮೇಲೆ. ಜನ ಹೋ ಅಂದಾಗ ಎದ್ದು ನಿಲ್ಲುತ್ತಾರೆ. ನಮ್ಮ ಗೋಲೋ ಅವರ ಗೋಲೋ ಗೊತ್ತಾಗುವುದಿಲ್ಲ. ಮತ್ತೆ ಕೂರುತ್ತಾರೆ. ಒಳಗೆ ಬನ್ನಿ ಅಂದರೆ, ಬಂದೆ ಇರು ಅಂದರು. ಬರಲಿಲ್ಲ.

ಗೆದ್ದರು.

19 ಫೆಬ್ರವರಿ, ಶುಕ್ರವಾರ

ಬರೆಯಲು ಮನಸ್ಸೇ ಬಂದಿರಲಿಲ್ಲ. ಪರೀಕ್ಷೆ ಪೇಪರು, ಜರ್ಸಿ, ಅಡುಗೆ. ಹೋದ ಭಾನುವಾರವೂ ಗೆಲುವು. ಊರೆಲ್ಲ ಟೀಮಿನ ಮಾತೇ. ತರಕಾರಿಯವಳು ಕೂಡ ಮ್ಯಾನೇಜರ್ ಮೇಡಂ ಅಂತ ಒಂದು ಹಿಡಿ ಕೊತ್ತಂಬರಿ ಜಾಸ್ತಿ ಹಾಕಿದಳು.

ಇವರು ಬೆಳಿಗ್ಗೆ ಪ್ರಾಕ್ಟೀಸಿಗೂ ಹೋಗುತ್ತಿಲ್ಲ. ನಾನು ಗಮನಿಸಿಯೇ ಇರಲಿಲ್ಲ, ಎಂಥವಳು ನಾನು. ಬುಧವಾರ ಬೆಳಿಗ್ಗೆ ನೋಡಿದರೆ ಕ್ಯಾನ್ವಾಸ್ ಶೂ ಹಾಕಿಕೊಂಡು ಜಗುಲಿಯಲ್ಲೇ ಕೂತಿದ್ದಾರೆ. ಕೇಳಿದೆ. ಪ್ರಾಕ್ಟೀಸಿಗೂ ಬರುವುದು ಬೇಡ, ಯಾಕೆ ರಿಸ್ಕು ಅಂದನಂತೆ ಬೆಟ್ಟಸ್ವಾಮಿ. ಫ್ಯಾಕ್ಟರಿ ಬಸ್ಸಿಗೆ ಹೋಗುವಾಗಲೂ ಗ್ರೌಂಡಿನ ಮುಂದೆ ಹಾಯುವುದಿಲ್ಲವಂತೆ. ಸುತ್ತು ಹಾಕಿಕೊಂಡು ಹಿಂದಿನ ಗಲ್ಲಿಯಲ್ಲಿ ಹೋಗುತ್ತಾರಂತೆ. ಇದನ್ನು ಇವರು ಹೇಳಲಿಲ್ಲ. ಬಾಬಾ ಜಾನ್ ಹೆಂಡತಿ ಕುಲ್ಸುಂ ಬೀ ಗೋಡೆ ಮೇಲಿಂದ ಹೇಳಿದರು. ಅವರಿಗೂ ಬೇಜಾರಾಗಿತ್ತು.

ಇನ್ನೊಂದೂ ಹೇಳಿದರು, ಖುರ್ಷಿದ್ ಮನೆಯವರ ಬಾಯಿಂದ ಬಂದಿದ್ದಂತೆ. ಖುರ್ಷಿದ್ ದಿನಾ ಫ್ಯಾಕ್ಟರಿಯಲ್ಲಿ ಊಟದ ಹೊತ್ತಿಗೆ ಇವರ ಪಕ್ಕ ಕೂರುತ್ತಾನೆ. ಯಾರು ಎಲ್ಲಿ ನಿಲ್ಲಬೇಕು ಅಂತ ಇವರು ಅನ್ನದ ಅಗಳು ಜೋಡಿಸಿ ತೋರಿಸುತ್ತಾರೆ. ಅವನು ಭಾನುವಾರ ಹಾಗೇ ಆಡಿಸುತ್ತಾನೆ. ಬೆಂಚಿನವರಿಗೆ ಇದು ಗೊತ್ತಿಲ್ಲ. ಹೇಳಬೇಡ ಅಂತ ಇವರೇ ಅಂದಿದ್ದಾರಂತೆ, ಗೊತ್ತಾದರೆ ಅದಕ್ಕೂ ಕತ್ತರಿ ಹಾಕುತ್ತಾರೆ ಅಂತ.

ಬೇಸರವಾಯಿತು. ಸುಸ್ತಾಯಿತು ಅಂದರೂ ಸರಿ.

21 ಫೆಬ್ರವರಿ, ಭಾನುವಾರ

ಸೆಮಿಫೈನಲ್ ಗೆಲುವು. ಬರುವ ಭಾನುವಾರ ಫೈನಲ್, ಗುಬ್ಬಿಯವರ ಮೇಲೆ. ಹುಡುಗರು ಮನೆ ಮುಂದೆ ಬಂದು ಕೂಗಿದರು. ಇವರು ಬಾಗಿಲ ಸಂದಿಯಿಂದ ಕೈ ಬೀಸಿದರು. ಹೊಸ್ತಿಲು ದಾಟಲಿಲ್ಲ.

27 ಫೆಬ್ರವರಿ, ಶನಿವಾರ. ಸಂಜೆ

ಅಕ್ಷರ ನೆಟ್ಟಗೆ ಬರುತ್ತಿಲ್ಲ.

ಸ್ಕೂಲಿಂದ ಬಂದರೆ ಇವರು ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದಾರೆ. ಎಲ್ಲಿಗೆ ಅಂದೆ. ಕುಣಿಗಲ್ಲಿಗೆ, ಅಕ್ಕನ ಮನೆಗೆ. ರಂಗಲಕ್ಷ್ಮಕ್ಕ ಕರೆಯುತ್ತಲೇ ಇದ್ದಾಳಲ್ಲ ಅಂದರು. ನಾಳೆ ಫೈನಲ್ ಇಟ್ಟುಕೊಂಡು ಅಕ್ಕನ ಮನೆಯೇ. ಮುಖ ನೋಡಿದೆ. ಆಗ ಬಾಯಿಬಿಟ್ಟರು. ಹಿತ್ತಲಲ್ಲಿ ಕೂತರೂ ಗ್ರೌಂಡಿಗೆ ಹತ್ತಿರವೇ ಆಯಿತಲ್ಲ, ಫೈನಲ್ ದಿನ ಊರಲ್ಲೇ ಇರದಿದ್ದರೆ ವಾಸಿ ಅಂತ ಬೆಟ್ಟಸ್ವಾಮಿ ಹೇಳಿದ್ದಾನೆ. ಬಸ್ಸಿನಲ್ಲಿ ಸೀಟೂ ಹಿಡಿದಿದ್ದಾನೆ.

"ಹೋಗಿ ಬತ್ತೀನಿ ಬುಡು. ಒಂದಿನ ತಾನೆ" ಅಂದರು. ಕಣ್ಣು ಬೇರೆ ಕಡೆ.

ಎಲ್ಲಿತ್ತೋ ಸಿಟ್ಟು. ಗೂಳೂರಿನ ಅತ್ತೆ ಮನೆ ಕಣ್ಣ ಮುಂದೆ ಬಂತು. ನಾನು ಸೇರಕ್ಕಿ ಒದ್ದು ಒಳಗೆ ಬಂದ ತಿಂಗಳಲ್ಲೇ ಮಾವ ಗಾಡಿಯಿಂದ ಬಿದ್ದು ಕಾಲು ಮುರಿದುಕೊಂಡರು. ಸೊಸೆ ಕಾಲ್ಗುಣ ಅಂದರು ಅತ್ತೆ. ಯಾರಾದರೂ ಒಳ್ಳೆ ಕೆಲಸಕ್ಕೆ ಹೊರಟರೆ ನಾನು ಅಡುಗೆಮನೆ ಬಿಟ್ಟು ಆಚೆ ಬರುವ ಹಾಗಿರಲಿಲ್ಲ. ನಾದಿನಿಯನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ಹಿಂದಿನ ಮನೆಗೆ ಕಳಿಸಿದರು. ಸಂಜೆವರೆಗೂ ಅವರ ಕೊಟ್ಟಿಗೆಯಲ್ಲಿ ಕೂತಿದ್ದೆ. ಇವರು ಎಲ್ಲ ನೋಡುತ್ತಿದ್ದರು. ಒಂದು ದಿನವೂ ಬಾಯಿ ತೆರೆಯಲಿಲ್ಲ. ನಾನೂ ಇಷ್ಟು ವರ್ಷ ಆ ಮಾತು ಎತ್ತಿರಲಿಲ್ಲ.

ಇವತ್ತು ಎತ್ತಿದೆ. ಬ್ಯಾಗಿನಿಂದ ಷರಟು ತೆಗೆದು ಮಂಚದ ಮೇಲೆ ಬಿಸಾಕಿದೆ.

"ಅವತ್ತು ನಿಮ್ಮಮ್ಮ ನನ್ನ ಕಾಲ್ಗುಣ ಅಂದಾಗ ನೀವು ಕನ್ನಡಿ ಮುಂದೆ ತಲೆ ಬಾಚ್ಕೊಂಡು ನಿಂತಿದ್ರಿ. ಹೊರಗೆ ಕೂರೋದು ಅಂದ್ರೆ ಏನು ಅಂತ ಈಗ ಗೊತ್ತಾಯ್ತಾ?"

ಮಂಚದ ಮೇಲೆ ಕೂತುಬಿಟ್ಟರು. ಬಿಸಾಕಿದ ಷರಟನ್ನು ಮಡಿಚುತ್ತಾ ಅಂದರು, "ಗೊತ್ತಾಯ್ತು ಕಣೇ."

ಪಾಪ ಅನ್ನಿಸಿತು. ಆದರೂ ಬಿಡಲಿಲ್ಲ. ನಾಳೆ ಗ್ರೌಂಡಿಗೆ ಹೋಗುತ್ತೀರ, ನಾನೂ ಬರುತ್ತೀನಿ, ಯಾವನು ತಡೆಯುತ್ತಾನೋ ನೋಡೋಣ ಅಂದೆ. ಬಿಪಿ ಮಾತ್ರೆ ನನ್ನ ಬ್ಯಾಗಿನಲ್ಲೇ ಇಟ್ಟುಕೊಂಡಿದ್ದೇನೆ.

28 ಫೆಬ್ರವರಿ, ಭಾನುವಾರ. ರಾತ್ರಿ ಊಟ ಆದಮೇಲೆ

ಸೋತೆವು. ಎರಡು–ಒಂದು.

ಹೋಗುವಾಗ ಗ್ರೌಂಡಿನ ಗೇಟಿನಲ್ಲಿ ಬೆಟ್ಟಸ್ವಾಮಿ ನಮ್ಮನ್ನು ನೋಡಿ ಕೈಯಲ್ಲಿದ್ದ ಕಡ್ಲೆಕಾಯಿ ಬೀಳಿಸಿಕೊಂಡ. ಅಣ್ಣಾ ಅಂತ ಅಡ್ಡ ಬಂದ. ನಾನು ಮುಂದೆ ನಡೆದೆ, ದಾರಿ ಬಿಟ್ಟ. ಅಷ್ಟು ಗಂಡಸರ ಮಧ್ಯೆ ಸೀರೆ ಉಟ್ಟವಳು ನಾನೊಬ್ಬಳೇ. ಸೆರಗು ಹೊದ್ದು ಲೈನಿನ ಪಕ್ಕ ನಿಂತೆ. ಖುರ್ಷಿದ್ ಓಡಿ ಬಂದು ಇವರ ಕೈ ಹಿಡಿದುಕೊಂಡ. ಸಾರ್, ಬಂದ್ರಲ್ಲ ಅಂದ, ಅಷ್ಟೇ.

ಆಟ ನನಗೆ ಅರ್ಥವಾಗುವುದಿಲ್ಲ. ಇಷ್ಟು ವರ್ಷ ಒಗೆದ ಬಟ್ಟೆ ಓಡಾಡುವುದನ್ನು ನೋಡಿದ್ದು ಇದೇ ಮೊದಲು. ಮೊದಲು ನಮ್ಮದೇ ಗೋಲು. ಆಮೇಲೆ ಗುಬ್ಬಿಯವರು ಒಂದು, ಇನ್ನೊಂದು. ಅವರ ಹುಡುಗರು ನಮ್ಮವರಿಗಿಂತ ಗಟ್ಟಿ, ನನಗೇ ಕಾಣುತ್ತಿತ್ತು. ಇವರು ಆ ತುದಿಯಿಂದ ಈ ತುದಿಗೆ ಓಡುತ್ತಾ ಕೂಗಿದ್ದೇ ಕೂಗಿದ್ದು. ಕೂಗಬೇಡಿ ಅನ್ನಲು ಹೋದೆ, ಮುಖ ನೋಡಿ ಸುಮ್ಮನಾದೆ. ಒಂದು ತಿಂಗಳಿಂದ ಆ ಮುಖ ಕಂಡಿರಲಿಲ್ಲ.

ಸೋತ ಮೇಲೆ ಹುಡುಗರು ಅತ್ತರು. ಇವರು ಒಬ್ಬೊಬ್ಬರ ಬೆನ್ನು ತಟ್ಟಿ ನಿಂಬೆಹಣ್ಣು ಕೊಟ್ಟರು. ಬೆಂಚಿನವರು ಯಾರೂ ಹತ್ತಿರ ಬರಲಿಲ್ಲ. ಮನೆಗೆ ಬಂದು ಎರಡು ಮುದ್ದೆ ಉಂಡರು. ಉಪ್ಪಿಲ್ಲದ ಸಾರನ್ನೂ ಮತ್ತೆ ಹಾಕಿಸಿಕೊಂಡು ತಿಂದರು.

1 ಮಾರ್ಚ್, ಸೋಮವಾರ. ಬೆಳಿಗ್ಗೆ ಏಳು

ಜರ್ಸಿ ನೆನೆಹಾಕಿದ್ದೇನೆ. ಸ್ಕೂಲಿಗೆ ಇನ್ನೂ ಹೊತ್ತಿದೆ.

ಬೆಂಚಿನ ಮೇಲೆ ಬೆಳಗಾಗುತ್ತಲೇ ಸಭೆ. ಮ್ಯಾನೇಜರನ್ನು ಇಟ್ಟುಕೊಳ್ಳುವುದೋ ಬಿಡುವುದೋ. ಖುರ್ಷಿದ್ ಬಂದು ಅನ್ನದ ಅಗಳಿನ ವಿಷಯವೆಲ್ಲ ಹೇಳಿಬಿಟ್ಟ. ಎಲ್ಲ ಗೆಲುವೂ ಸಾರ್‌ದೇ ಅಂದ. ನೋಡಿದ್ಯಾ, ನಾನು ಹೇಳಲಿಲ್ವಾ ಅಂತ ಬಾಬಾ ಜಾನ್. ಇವರು ಕಿಟಕಿ ಪಕ್ಕ ಕಾಫಿ ಕುಡಿಯುತ್ತಾ ಕೂತಿದ್ದರು. ಮೀಸೆಯಲ್ಲೇ ನಗುತ್ತಿದ್ದರು.

ಆಗ ಬೆಟ್ಟಸ್ವಾಮಿ ಅಂದ, "ಹಂಗಾರೆ ಅಣ್ಣಂದು ಏನೂ ತೆಪ್ಪಿಲ್ಲ ಬುಡು. ನಿನ್ನೆ ಮೇಡಂ ಬಂದ್ರಲ್ಲ, ಅವ್ರ ಕಾಲ್ಗುಣ ಅದು."

ಇಷ್ಟೆಲ್ಲ ಆಗಿ ಕೊನೆಗೆ ನನ್ನ ತಲೆಗೇ. ಸಿಟ್ಟು ಮಾಡಿಕೊಳ್ಳಲೂ ಶಕ್ತಿ ಇರಲಿಲ್ಲ. ಶನಿವಾರವೇ ಎಲ್ಲ ಖರ್ಚಾಗಿತ್ತು. ಹೋಗಲಿ ಬಿಡಿ, ಕಾಫಿ ಕುಡೀರಿ ಅಂದೆ.

ಲೋಟ ಕೆಳಗಿಟ್ಟರು. ಬನಿಯನ್ನಿನಲ್ಲೇ ಎದ್ದು ಹೋದರು, ಬರಿಗಾಲಲ್ಲಿ.

ಈಗ ಗೋಡೆಯಾಚೆ ಇವರ ಗಂಟಲು. "ಯಾರ್ಲಾ ಅಂದಿದ್ದು? ನನ್ನೆಂಡ್ರು ಕಾಲ್ಗುಣದ ಮಾತು ಯಾವನ್ಲಾ ಎತ್ತಿದ್ದು?" ಬೆಟ್ಟಸ್ವಾಮಿ ಏನೋ ತೊದಲಿದ. ಕೇಳಿಸಲಿಲ್ಲ. ಇವರದು ಮಾತ್ರ ಬೀದಿಗೆಲ್ಲ ಕೇಳಿಸುತ್ತಿದೆ. ಕುಲ್ಸುಂ ಬೀ ಗೋಡೆ ಮೇಲಿಂದ ಇಣುಕಿ ನನ್ನನ್ನು ನೋಡುತ್ತಿದ್ದಾರೆ.

ಕೂಗಬಾರದು ಇವರು. ಎದ್ದು ಹೋಗಿ ಕರೆದುಕೊಂಡು ಬರಬೇಕು. ಹೋಗುತ್ತೇನೆ. ಇನ್ನೊಂದು ಸ್ವಲ್ಪ ಕೂಗಲಿ, ಆಮೇಲೆ—