ಅಕ್ಷತೆ ಬಿದ್ದ ಪುಟ

ಕೋಟೆ, ಶಿವಮೊಗ್ಗ
ಏಕಾದಶಿ

ಚಿ. ಸೌ. ಶರಾವತಿಗೆ ಅಮ್ಮನ ಆಶೀರ್ವಾದ.

ಇವತ್ತು ಉಪವಾಸ. ಹೊಸ್ತಿಲು ಸಾರಿಸಿ, ತುಳಸಿಗೆ ನೀರೆರೆದು ಬರೆಯಲು ಕೂತೆ. ನೀನು ಬಿಟ್ಟುಹೋದ ಐದು ಇಂಗ್ಲಿಷ್ ಕಾದಂಬರಿಗಳನ್ನು ಪಕ್ಕದ ಮನೆಯ ಕವನಾ ದಿನಾ ಮಧ್ಯಾಹ್ನ ಕನ್ನಡದಲ್ಲಿ ಹೇಳುತ್ತಾಳೆ. ಕತೆಯ ಹುಡುಗಿ ಬೆಳದಿಂಗಳಿನ ಕೆರೆ ದಾಟುವಾಗ ನನಗೆ ಒಲೆಯ ಮೇಲಿನ ಹಾಲೂ ಮರೆಯುತ್ತದೆ.

"ಯಾರ ಪುರಾಣವೇ ಅದು?" ಅಂದರು ನಿಮ್ಮಪ್ಪ.

"ಗಂಧರ್ವರದ್ದು ಕಣ್ರೀ" ಅಂದೆ. ಅವತ್ತಿನಿಂದ ಅವರೂ ಬಾಗಿಲ ಹತ್ತಿರವೇ ಕೂರುತ್ತಾರೆ.

ನಿನ್ನೆ ಕತೆಯಲ್ಲಿ ಆ ಹುಡುಗಿಯ ಮದುವೆ ಬಂತು. ನಿನ್ನ ರಿಜಿಸ್ಟರ್ ಮದುವೆಗೆ ನಾವು ಬಾರದ ಹಾಗೆ, ಅವಳಿಗೂ ತವರಿನವರಿಲ್ಲ. ಪುರಾಣದ ಮದುವೆಗೆ ಹಾಕುವಂತೆ ಪುಸ್ತಕದ ಮೇಲೆ ಅಕ್ಷತೆ ಹಾಕಿಬಿಟ್ಟೆ. ನಿಮ್ಮಪ್ಪ ಕೈ ಚಾಚಿ, "ನನಗೂ ನಾಲ್ಕು ಕಾಳು ಕೊಡೇ" ಅಂದರು.

ಪುಟ ಕೊಡವಿಲ್ಲ. ಪುಸ್ತಕವನ್ನು ಹಾಗೇ ಕಳಿಸಿದ್ದೇನೆ, ಆ ಅಕ್ಷತೆಯನ್ನು ನೀವಿಬ್ಬರೂ ತಲೆಗೆ ಹಾಕಿಕೊಳ್ಳಿ. ಅಳಿಯಂದಿರಿಗೆ ಕಾಯಿ ಹೋಳಿಗೆ ಸೇರುತ್ತದೋ, ಬೇಳೆಯದೋ, ಬರೆದಿಡು. ಸೋಮವಾರ ಕವನಾ ಭದ್ರಾವತಿಗೆ, ನಿಮ್ಮ ಮನೆಗೇ ಬಂದು ಉತ್ತರ ಇಸಕೊಳ್ಳುತ್ತಾಳೆ.

ನಿನ್ನ ಅಮ್ಮ,
ವಿಮಲಾ