ಹಾಜರಿ ಬೇಡದ ಕಾಲೇಜು

ಗಜೇಂದ್ರಗಡ
೧೭ ನವೆಂಬರ್ ೨೦೨೪, ರವಿವಾರ

ಪ್ರೀತಿಯ ಮಧು,

ಮೊದಲು ನಿನ್ನ ಗಂಟಲು ಹೇಗಿದೆ ಹೇಳು. ದೀಪಾವಳಿಗೆ ಬಂದಾಗ ದನಿ ಒಡೆದುಹೋಗಿತ್ತು. ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸು ಎಂದು ಹೇಳಿ ಕಳಿಸಿದ್ದೆ. ಮುಕ್ಕಳಿಸುತ್ತಿದ್ದೀಯೋ, ಗಂಡ ಹೇಳಿದ್ದು ಈ ಕಿವಿಯಿಂದ ಬಂದು ಆ ಕಿವಿಯಿಂದ ಹೋಯಿತೋ? ಚಿಕ್ಕನರಗುಂದದ ಶಾಲೆಗೆ ಪಾಠ ಮಾಡಲು ಹೋಗುವ ದಿನ ಬಾಟಲಿಯಲ್ಲಿ ಕಾಯಿಸಿದ ನೀರು ಒಯ್ಯಿ. ಹೊತ್ತಿಗೆ ಸರಿಯಾಗಿ ಉಣ್ಣು. ಅವ್ವ ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕುಟ್ಟಿ ಎರಡು ಡಬ್ಬಿ ಕೊಟ್ಟಿದ್ದಾಳೆ, ಒಂದು ನಿನಗೆ, ಇನ್ನೊಂದು ನಿನ್ನ ಕೋಣೆಯ ಜೊತೆಗಾತಿ ಜಬೀನಳಿಗೆ. ಎರಡನ್ನೂ ನೀನೇ ಖಾಲಿ ಮಾಡಬೇಡ, ನಿನ್ನ ಗುಣ ನನಗೆ ಗೊತ್ತು. ಪಕ್ಕದ ಓಣಿಯ ರಫೀಕ ಟೆಂಪೋದಲ್ಲಿ ನರಗುಂದದ ಮೇಲೆ ಹುಬ್ಬಳ್ಳಿಗೆ ಹೊರಟಿದ್ದಾನೆ. ಹಿಂಡಿಯನ್ನೂ ಈ ಪತ್ರವನ್ನೂ ಅವನೇ ನಿನ್ನ ಹಾಸ್ಟೆಲಿಗೆ ತಲುಪಿಸುತ್ತಾನೆ.

ಫೋನ್ ಇರುವಾಗ ಪತ್ರವೇಕೆ ಎಂದು ನಗಬೇಡ. ನಮ್ಮ ಮನೆಯ ಫೋನಿನ ಹಣೆಬರಹ ನಿನಗೆ ಗೊತ್ತೇ ಇದೆ. ರಿಂಗ್ ಆದರೆ ಸಾಕು, ಅವ್ವ ರಾಟೆ ಬಿಟ್ಟು ಬಂದು ಕೂರುತ್ತಾಳೆ. "ಸ್ಪೀಕರ್ ಹಚ್ಚೋ ಕಳಕ್ಯಾ, ನನಗೂ ಕೇಳ್ಲಿ." ಆಮೇಲೆ ನಾನು ನಿನಗೆ ಏನು ಹೇಳಲಿ? ಊಟ ಆತೇನು, ಬಸ್ ಸಿಕ್ತೇನು, ಇಷ್ಟೇ. ಮೂರು ಮನೆಯವರಿಗೆ ಕೇಳುವಂತೆ ಹೆಂಡತಿಗೆ 'ನಿನ್ನ ನೆನಪಾಗತೈತಿ' ಎನ್ನಲು ನನಗೆ ಇನ್ನೂ ಧೈರ್ಯ ಬಂದಿಲ್ಲ. ಅದಕ್ಕೆ ಇಲ್ಲಿ ಬರೆದಿದ್ದೇನೆ, ಓದಿಕೋ. ನೆನಪಾಗುತ್ತದೆ. ಭಾಳ ಆಗುತ್ತದೆ.

ನಿನ್ನ ಪತ್ರ, ಅದರೊಳಗಿನ ಫಾರಂ, ಎರಡೂ ಗುರುವಾರ ಮುಟ್ಟಿದವು. ನರಗುಂದದ ಕಾಲೇಜು ಬಿಟ್ಟು ನಮ್ಮ ಓಣಿಯ ದ್ರಾಕ್ಷಾಯಣಿ ತನ್ನ ಹೆಸರು ಹಚ್ಚಿರುವ ಆ ಹಾಜರಿ ಬೇಡದ ಕಾಲೇಜಿಗೆ ಬದಲಾಗುವ ಅರ್ಜಿಯನ್ನು ನೀನು ಚೆನ್ನಾಗಿ ತುಂಬಿ, ಸಹಿ ಮಾಡಿ, ಕೆಳಗೆ ನನ್ನ ಸಹಿಗೆ ಪೆನ್ಸಿಲಿನಲ್ಲಿ ಗುರುತನ್ನೂ ಹಾಕಿದ್ದೀಯ. ನಾನು ಅಲ್ಲಿ ಬರೆದರೆ ನೀನು ಮುಂದಿನ ತಿಂಗಳೇ ಗಂಟುಮೂಟೆ ಕಟ್ಟಿಕೊಂಡು ಮನೆಗೆ ಬರುತ್ತೀಯ. ಬರೆಯದಿದ್ದರೆ ಇನ್ನೊಂದು ವರ್ಷ ನೀನು ಅಲ್ಲಿ, ನಾನು ಇಲ್ಲಿ. 'ದ್ರಾಕ್ಷಾಯಣಿ ಫಾರಂ ಕೊಟ್ಟು ಮನಿಯಿಂದ ಕಳಿಸ್ಯಾರ ಅಂದಳು, ಅತ್ತಿಯವರ ಮನಸ್ಸು ಅರ್ಥ ಆತು, ಸೊಸೆ ಅಂದಮೇಲೆ ಮನೆಯಲ್ಲಿ ಇರಬೇಕಲ್ಲ' ಎಂದು ಬರೆದಿದ್ದೀಯ. ಅದನ್ನು ಓದಿ ನನಗೆ ತಲೆ ಎತ್ತಲಾಗಲಿಲ್ಲ. ಅದರ ಮಾತು ಆಮೇಲೆ. ಖರೇ ಹೇಳುತ್ತೇನೆ, ಅರ್ಜಿ ಕೈಗೆ ಬಂದಾಗ ಮೊದಲು ಆದದ್ದು ಸಂತೋಷ. ಮಧು ಬರುತ್ತಾಳೆ ಎಂಬುದೊಂದೇ ತಲೆಯಲ್ಲಿತ್ತು. ಅರ್ಧ ತಾಸು ಲಾಳಿ ಹಿಡಿಯದೆ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಸುಮ್ಮನೆ ಕುಳಿತಿದ್ದೆ.

ನೀನಿಲ್ಲದ ಮಗ್ಗದ ಸುದ್ದಿ ಹೇಳುತ್ತೇನೆ ಕೇಳು. ನೀನು ಎಡಗಡೆ ರಾಟೆ ಹಾಕಿಕೊಂಡು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿ ಬುಟ್ಟಿಯಲ್ಲಿ ಇಡುತ್ತಿದ್ದೆ, ಅರಿಷಿಣ ಬಣ್ಣದ್ದು ನನ್ನ ಕಡೆಗೆ, ಕೆಂಪು ಆಚೆಗೆ, ದಾಳಿಂಬೆ ಬಣ್ಣದ್ದು ಬೇರೆಯೇ ಬಟ್ಟಲಲ್ಲಿ. ನಾನು ನೋಡದೆ ಕೈ ಚಾಚುತ್ತಿದ್ದೆ, ಬೇಕಾದ ನೂಲೇ ಕೈಗೆ ಬರುತ್ತಿತ್ತು. ಈಗ ಅವ್ವ ಸುತ್ತುತ್ತಾಳೆ. ಪಾಪ, ಸಂಜೆಯಾದರೆ ಅವಳ ಕಣ್ಣಿಗೆ ಕೆಂಪೂ ಒಂದೇ, ದಾಳಿಂಬೆಯೂ ಒಂದೇ. ನನ್ನ ಕೈ ಮಾತ್ರ ಹಳೆಯ ರೂಢಿ ಬಿಟ್ಟಿಲ್ಲ. ಹೋದ ವಾರ ನೋಡದೆ ತೆಗೆದುಕೊಂಡು ಒಂದು ಗೇಣು ಸೆರಗು ನೇಯ್ದ ಮೇಲೆ ದೀಪ ಹಾಕಿ ನೋಡಿದರೆ ಅರ್ಧ ಕೆಂಪು, ಅರ್ಧ ದಾಳಿಂಬೆ. ಬಿಚ್ಚಲು ಮರುದಿನ ಮಧ್ಯಾಹ್ನದವರೆಗೆ ಹಿಡಿಯಿತು. ಅವ್ವ ಕೇಳಿದಾಗ ಎಳೆ ಹರೀತು ಎಂದು ಸುಳ್ಳು ಹೇಳಿದೆ. ಎಳೆ ಎಳೆಯಾಗಿ ಬಿಚ್ಚುತ್ತ ಕುಳಿತಾಗ ನೀನು ಪಕ್ಕದಲ್ಲಿದ್ದರೆ ಎಷ್ಟು ನಗುತ್ತಿದ್ದೆಯೋ ಎನಿಸಿತು. ಒಬ್ಬನೇ ನಗಲು ಹೋದೆ, ನಗು ಬರಲಿಲ್ಲ. ನರಗುಂದ ಏನು ಕಾಶಿಯೇ? ರೋಣದಲ್ಲಿ ಒಂದು ಬಸ್ ಬದಲಿಸಿದರೆ ಎರಡೂವರೆ ತಾಸಿನ ದಾರಿ. ಆದರೂ ತಿಂಗಳಿಗೊಮ್ಮೆ ಶನಿವಾರ ಸಂಜೆ ಬರುತ್ತೀಯ, ರವಿವಾರ ಇಡೀ ದಿನ ಕಂಡಿಕೆ ಸುತ್ತಿ ತಿಂಗಳಿಗಾಗುವಷ್ಟು ಇಟ್ಟು ಹೋಗಲು ನೋಡುತ್ತೀಯ. ಈ ಗಂಡನ ಮುಖ ನೋಡಲು ನಿನಗೆ ಪುರಸೊತ್ತೇ ಇರುವುದಿಲ್ಲ.

ಕಾಲೇಜು ನೋಡಲು ನಾವಿಬ್ಬರೂ ತಿರುಗಿದ್ದು ನೆನಪಿದೆಯೇ? ರೋಣದಲ್ಲಿ ಬಿ.ಎ. ಮುಗಿಸಿ, ಈ ಮನೆಗೆ ಬಂದು ಎರಡು ವರ್ಷ ಆದಮೇಲೆ ಒಂದು ದಿನ ನೀನು ರಾಟೆ ತಿರುಗಿಸುತ್ತಲೇ ಕೇಳಿದ್ದೆ, "ರೀ, ನಾ ಬಿ.ಎಡ್. ಮಾಡ್ಲೇನ್ರಿ?" ಎಂದು. "ಅದನ್ನೇನ್ ಕೇಳ್ತಿ, ಮಾಡು" ಎಂದುಬಿಟ್ಟೆ. ಎರಡು ವರ್ಷ ನೀನು ಕಣ್ಣಿಗೆ ಬೀಳುವುದಿಲ್ಲ ಎಂಬ ಲೆಕ್ಕ ಆಗ ನನ್ನ ತಲೆಗೆ ಹೊಳೆದಿರಲಿಲ್ಲ. ಮೊದಲು ನೋಡಿದ ಕಾಲೇಜಿಗೆ ಸಿನಿಮಾ ಟಾಕೀಸಿನಂಥ ಗೇಟು, ಗಾಜಿನ ಬಾಗಿಲು. ನೀನು ಅಲ್ಲೇ ಮರುಳಾದೆ. ನಾವು ನೇಕಾರರು, ಸೀರೆ ಕೊಡುವಾಗಲೂ ಕೊಳ್ಳುವಾಗಲೂ ಹಿಂಬದಿ ತಿರುವಿ ನೋಡುವ ಜನ. ನಮ್ಮ ಪಟ್ಟೇದ ಅಂಚಿನ ಸೀರೆಗೆ ಒಳಮೈ ಹೊರಮೈ ಬೇರೆ ಇರುವುದಿಲ್ಲ, ಬೇರೆ ಇದ್ದರೆ ಅದನ್ನು ಯಾರೂ ಮುಟ್ಟುವುದಿಲ್ಲ. ನೀರು ಕುಡಿಯುವ ನೆಪದಲ್ಲಿ ನಾನು ಹಿಂದಕ್ಕೆ ಹೋದೆ. ಗ್ರಂಥಾಲಯದ ಬಾಗಿಲಿಗೆ ಬೀಗ, ಬೀಗದ ಮೇಲೆ ಜೇಡ ತನ್ನ ಮಗ್ಗ ಹೂಡಿತ್ತು. ಮೇಲೆ ಥಳಕು, ಒಳಗೆ ಹುಳುಕು ಎಂದು ನಿನ್ನನ್ನು ಕರೆದುಕೊಂಡು ಬಂದೆ.

ಎರಡನೆಯದು ಅಂಗಡಿಯ ಮೇಲಿನ ಎರಡು ಕೋಣೆಯ ಕಾಲೇಜು. ಅಲ್ಲಿಯ ಕ್ಲಾರ್ಕ್ ಚಹಾ ತರಿಸಿ ಹೇಳಿದ್ದು ನನಗೆ ಬಾಯಿಪಾಠವಾಗಿದೆ. "ಅಕ್ಕಾರು ಬರೂದ ಬ್ಯಾಡ್ರಿ. ಹೆಸರು ಹಚ್ಚಿ ಹೋಗ್ರಿ, ಪರೀಕ್ಷಾಕ್ಕ ಬಂದ್ರ ಸಾಕು. ಹಾಜರಿ ನಾವು ನೋಡ್ಕೋತೀವಿ." ಮೆಟ್ಟಿಲು ಇಳಿಯುವಾಗ ನೀನು, "ಹಂಗಾರ ನಾ ಮನ್ಯಾಗ ಇರಬಹುದಲ್ರಿ" ಎಂದೆ. ಆ ಮಾತಿಗೆ ಆಗಲೇ ನನ್ನ ಮನಸ್ಸು ಸ್ವಲ್ಪ ಜಾರಿತ್ತು. ಮೂರನೆಯದು ನರಗುಂದದ್ದು. ಗೋಡೆಯ ಗಿಲಾವು ಉದುರಿತ್ತು, ಗೇಟು ಮುಚ್ಚಲೂ ಬರುತ್ತಿರಲಿಲ್ಲ. ಹಿಂದಕ್ಕೆ ಹೋಗಿ ನೋಡಿದರೆ ಬೇವಿನ ಮರದ ಕೆಳಗೆ ಒಬ್ಬ ಹುಡುಗಿ ಖಾಲಿ ಗೋಡೆಯ ಎದುರು ನಿಂತು ಭಿನ್ನರಾಶಿಯ ಪಾಠ ಮಾಡುತ್ತಿದ್ದಳು. ಬಿಸಿಲಲ್ಲಿ ಛತ್ರಿ ಹಿಡಿದು ನಿಂತಿದ್ದ ಮೇಡಂ, "ಇನ್ನೊಮ್ಮೆ ಹೇಳು. ಗ್ವಾಡಿಗೆ ಅಲ್ಲ, ಮಕ್ಕಳಿಗೆ ಹೇಳಿದಂಗ ಹೇಳು" ಎಂದು ಮೂರು ಸಲ ಹೇಳಿಸಿದರು. ಇದೇ ಇರಲಿ ಎಂದೆ ನಾನು. "ಕಟ್ಟಡ ನೋಡ್ರಿ, ಬೀಳಾಕತ್ತೈತಿ" ಎಂದು ನೀನು ಮುಖ ಸಿಂಡರಿಸಿದ್ದೆ.

ಆ ಛತ್ರಿ ಮೇಡಮ್ಮೇ ಪ್ರಿನ್ಸಿಪಾಲರು ಎಂದು ಆಮೇಲೆ ತಿಳಿಯಿತು. "ನೀವು ಈಕಿ ಅಣ್ಣಾರೇನ್ರಿ?" ಎಂದು ಕೇಳಿ ನನ್ನ ಮಾನ ತೆಗೆದರು. ಗಂಡರಿ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ಸರಿಯಾಗಿ ನೋಡಿ, "ಗಂಡಂದಿರು ಮೊದಲನೇ ವರ್ಷ ಖುಷೀಲೆ ಕಳಸ್ತಾರ್ರಿ. ಎರಡನೇ ವರ್ಷ ತಾವ ಬಂದು ಬಿಡಿಸಿಕೊಂಡು ಹೋಗ್ತಾರ. ನೀವು ಹಂಗ ಮಾಡೂದಿಲ್ಲಲ್ಲ?" ಎಂದರು. ನಾನು ಎದೆ ಉಬ್ಬಿಸಿ, "ನಮ್ಮೂರ ದೇವ್ರು ಕಳಕಪ್ಪನ ಆಣಿ, ಮಾಡೂದಿಲ್ರಿ" ಎಂದೆ. ನೀನು ಸೆರಗು ಬಾಯಿಗೆ ಹಿಡಿದು ನಕ್ಕೆ. ಈ ನಾಲ್ಕು ದಿನದಿಂದ ಆ ಆಣೆ ನನ್ನನ್ನು ತಿನ್ನುತ್ತಿದೆ.

ನಿನ್ನ ದನಿಯ ಮಾತು ಹೇಳಬೇಕು. ಮದುವೆಯಾಗಿ ಬಂದಾಗ ನೀನು ಮಾತನಾಡಿದರೆ ಮಗ್ಗ ನಿಲ್ಲಿಸಿ ಕೇಳಬೇಕಿತ್ತು. ಚಿಕ್ಕನರಗುಂದದಲ್ಲಿ ಮೊದಲ ಪಾಠದ ದಿನ ನಲವತ್ತು ಮಕ್ಕಳ ಮುಂದೆ ನಿನ್ನ ಬಾಯಿ ಒಣಗಿ, ಹಿಂದಿನ ಬೆಂಚಿನ ಹುಡುಗಿ "ಟೀಚರ, ಜೋರಾಗಿ ಹೇಳ್ರಿ, ನಮಗೇನೂ ಕೇಳವಲ್ದು" ಎಂದಳಂತೆ. ನೀನು ಕೋಣೆಗೆ ಬಂದು ಅತ್ತದ್ದನ್ನು ಜಬೀನ ಫೋನಿನಲ್ಲಿ ಹೇಳಿದ್ದಳು. ಆಮೇಲೆ ದಿನಾ ಮುಂಜಾನೆ ಅದೇ ಬೇವಿನ ಮರದ ಕೆಳಗೆ ನಿಂತು ಗಂಟಲು ಹರಿಯುವ ತನಕ ಪಾಠ ಹೇಳಿ ಹೇಳಿ ಕಲಿತೆ. ದೀಪಾವಳಿಗೆ ಬಂದಾಗ ಅಡುಗೆಮನೆಯಿಂದ "ಊಟಕ್ಕ ಏಳ್ರಿ!" ಎಂದು ಕೂಗಿದೆಯಲ್ಲ, ಅವ್ವ ಬೆಚ್ಚಿ ಕಂಡಿಕೆ ಕೆಳಗೆ ಹಾಕಿದಳು, ನಾನು ಶಾಲೆಯ ಹುಡುಗನಂತೆ ಎದ್ದು ನಿಂತೆ. ದನಿ ಒಡೆದಿತ್ತು, ಆದರೂ ಅದೊಂದು ಹೊಸ ದನಿ. ಇವಳು ನನ್ನ ಹೆಂಡತಿ ಎಂದು ಓಣಿಗೆಲ್ಲ ಹೇಳಿಬರಬೇಕು ಎನಿಸಿತು. ಜೊತೆಗೆ ಒಂದು ಹೆದರಿಕೆಯೂ ಬಂತು. ಇಷ್ಟು ಗಟ್ಟಿ ದನಿಯವಳಿಗೆ ಈ ಸಣ್ಣ ಮನೆ, ಈ ಕುಣಿಮಗ್ಗದವನು ಸಾಕಾಗುತ್ತಾರೆಯೇ ಎಂದು. ಹುಚ್ಚು ಯೋಚನೆ, ಗೊತ್ತು. ಬಂದದ್ದನ್ನು ಮುಚ್ಚಿಟ್ಟರೆ ಪತ್ರ ಬರೆದು ಏನು ಉಪಯೋಗ?

ದ್ರಾಕ್ಷಾಯಣಿಯನ್ನು ನಾನು ಹೀಗಳೆಯುವುದಿಲ್ಲ. ಸಣ್ಣ ಕೂಸು ಇಟ್ಟುಕೊಂಡು ಅವಳಾದರೂ ಏನು ಮಾಡಿಯಾಳು. ಮೊನ್ನೆ ಕಟ್ಟೆಯ ಮೇಲೆ ಕುಳಿತು ಬೇರೆಯವರ ಪಾಠಯೋಜನೆ ನೋಡಿ ತನ್ನ ವಹಿಗೆ ಇಳಿಸುತ್ತಿದ್ದಳು. ಪಾಠ ಯಾವಾಗ ಮಾಡ್ತಿಯವ್ವ ಎಂದು ಕೇಳಿದೆ. "ಮಾಡೂದೆಲ್ಲಿ ಅಣ್ಣಾ, ಬರದು ಕೊಟ್ರ ಆತು" ಎಂದು ನಕ್ಕಳು. ಆಮೇಲೆ ವಹಿ ಮುಚ್ಚಿ, "ಮುಂದ ಖರೇನ ಮಕ್ಕಳ ಮುಂದ ನಿಂದ್ರಿಸಿದ್ರ ನಾ ಏನ್ ಮಾಡ್ಲಿ?" ಎಂದಳು, ಅವಳ ಮುಖ ಸಣ್ಣಗಾಗಿತ್ತು. ಅವಳಿಗೂ ನಿನಗೂ ಸಿಗುವ ಕಾಗದ ಒಂದೇ, ಮಧು. ಕಾಗದಕ್ಕಾಗಿಯೇ ಆಗಿದ್ದರೆ ನಾವು ಎರಡನೇ ಕಾಲೇಜಿನ ಚಹಾ ಕುಡಿದಾಗಲೇ ಹೆಸರು ಹಚ್ಚಿ ಬರುತ್ತಿದ್ದೆವು.

ಅವ್ವನ ಸುದ್ದಿ ಕೇಳು. "ಮದಿವಿ ಆದಮ್ಯಾಲೆ ಎಂಥಾ ಸಾಲಿಯೋ" ಎಂದು ಮೊದಲು ಗೊಣಗಿದವಳು ಅವಳೇ, ಇಲ್ಲವೆನ್ನುವುದಿಲ್ಲ. ಈಗ ನೀರಿನ ನಳದ ಹತ್ತಿರ ನಿಂತು, "ನಮ್ಮ ಸೊಸಿ ನರಗುಂದದಾಗ ಟೀಚರ್ ಅದಾಳ" ಎಂದು ಹೇಳುತ್ತಾಳೆ. ಇನ್ನೂ ಆಗಿಲ್ಲಬೇ ಎಂದರೆ, "ಮಕ್ಕಳಿಗೆ ಪಾಠ ಹೇಳ್ತಾಳಿಲ್ಲೋ? ಮತ್ತ?" ಎಂದು ನನ್ನನ್ನೇ ಗದರಿಸುತ್ತಾಳೆ. ಅವಳ ಬೆರಳ ಗೆಣ್ಣು ಬಾತಿದ್ದು ನೋಡಿ ನೀನು ನೊಂದುಕೊಂಡೆ, ನನಗೂ ಸಂಕಟವಾಗುತ್ತದೆ. ಇನ್ನು ಮೇಲೆ ಮುಂಜಾನೆ ಎರಡು ತಾಸು ನಾನೇ ರಾಟೆಗೆ ಕೂರುವುದೆಂದು ಠರಾಯಿಸಿದ್ದೇನೆ. ನಿನ್ನೆಯಿಂದ ಸುರು ಮಾಡಿದೆ. ನನ್ನ ಕಂಡಿಕೆ ನೋಡಿದರೆ ನೀನು ಹತ್ತರಲ್ಲಿ ಎರಡು ಅಂಕ ಕೊಡುತ್ತೀಯ, ಕೊಡು. ವಾರಕ್ಕೊಂದು ಸೀರೆಯ ಬದಲು ಹತ್ತು ದಿನಕ್ಕೊಂದು ಇಳಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ.

ಹೀಗಾಗಿ ನೀನು ಅಲ್ಲೇ ಇರಬೇಕು. ಸುಮ್ಮನೆ ಇರುವುದಲ್ಲ, ಆ ಕಾಲೇಜನ್ನು ಹಿಂಡಿ ತೆಗೆದುಕೊಂಡು ಬರಬೇಕು. ತಿಳಿಯದ್ದನ್ನು ಕ್ಲಾಸಿನಲ್ಲೇ ಕೈ ಎತ್ತಿ ಕೇಳು, ನಾಚಿಕೊಂಡು ಕೋಣೆಗೆ ಬಂದು ಜಬೀನಳನ್ನು ಪೀಡಿಸಬೇಡ. ಗ್ರಂಥಾಲಯಕ್ಕೆ ಬೀಗವಿಲ್ಲದ ಕಾಲೇಜು ಸಿಕ್ಕಿದೆ, ಸಂಜೆ ಅಲ್ಲಿ ಕುಳಿತುಕೋ. ಛತ್ರಿ ಮೇಡಂ ಬೈದರೆ ಬೈಸಿಕೋ. ನಾನು ಮಗ್ಗ ಕಲಿತದ್ದೂ ಅಪ್ಪನ ಬೈಗುಳದಿಂದಲೇ. ತಿಂಗಳ ರವಿವಾರ ಮನೆಗೆ ಬಂದರೆ ರಾಟೆ ಮುಟ್ಟಬೇಡ, ನನ್ನ ಎದುರು ಕುಳಿತು ನಿನ್ನ ಮಕ್ಕಳ ಕಥೆ ಹೇಳು. ಅದಷ್ಟಿದ್ದರೆ ಉಳಿದ ಇಪ್ಪತ್ತೊಂಬತ್ತು ದಿನ ಹೇಗೋ ಕಳೆಯುತ್ತೇನೆ. ಸುಲಭವಾಗಿ ಕಳೆಯುತ್ತವೆ ಎಂದು ಮಾತ್ರ ಹೇಳಲಾರೆ.

ಜಬೀನಳಿಗೆ ನನ್ನ ನೆನಪು ತಿಳಿಸು, ಮೇಡಮ್ಮರಿಗೆ ನಮಸ್ಕಾರ ಹೇಳು. ಕಳಕಪ್ಪ ನಿನ್ನ ಗಂಟಲನ್ನೂ ನಿನ್ನನ್ನೂ ಚಲೋ ಇಟ್ಟಿರಲಿ.

ನಿನ್ನ ದಾರಿ ನೋಡುವ,
ಕಳಕೇಶ

ತಾ.ಕ.: ರಫೀಕ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಲಗೂ ಬರೆಯುತ್ತೇನೆ. ಇಷ್ಟು ಉದ್ದ ಬರೆದು ಇದೊಂದನ್ನು ನುಂಗಿಕೊಂಡಿದ್ದೆ. ಫಾರಂ ಕಳಿಸಿದ್ದು ಅವ್ವ ಅಲ್ಲ, ನಾನು. ದೀಪಾವಳಿ ಮುಗಿಸಿ ನಿನ್ನನ್ನು ಬಸ್ ಹತ್ತಿಸಿ ಬಂದ ಸಂಜೆ ಮನೆಯೊಳಗೆ ಕಾಲಿಡಲಾಗದೆ ಸೀದಾ ದ್ರಾಕ್ಷಾಯಣಿಯ ಮನೆಗೆ ಹೋದೆ. ಒಂದು ಫಾರಂ ತರಿಸಿ ಮಧುಗೆ ಮುಟ್ಟಿಸು, ನನ್ನ ಹೆಸರು ಹೇಳಬೇಡ ಎಂದು ಕೈಮುಗಿದೆ. ಆಣೆ ಇಟ್ಟ ಬಾಯಿಂದಲೇ ಹೇಳಿದೆ. ಅವ್ವನಿಗೆ ಇದರ ಗಾಳಿಯೂ ಗೊತ್ತಿಲ್ಲ. ಇಂದು ಮುಂಜಾನೆ ಫಾರಂ ಹರಿದು ಒಲೆಗೆ ಹಾಕಿದೆ. ನನ್ನ ಮೇಲೆ ಎಷ್ಟು ಬೇಕಾದರೂ ಸಿಟ್ಟಾಗು. ಆದರೆ ಎಂಟು ದಿನದಿಂದ ನೀನು ಫೋನಿನಲ್ಲಿ ಅವ್ವನಿಗೆ "ಹೂಂರಿ, ಆತ್ರಿ" ಎಂದಷ್ಟೇ ಹೇಳಿ ಇಡುತ್ತಿದ್ದೀಯ. ನಿನ್ನೆ ಹಿಂಡಿ ಕುಟ್ಟುತ್ತ, "ಕಳಕ್ಯಾ, ನಾ ಏನಾರ ತಪ್ಪು ಮಾತಾಡೇನೇನೋ? ಸೊಸಿ ನನ್ನ ಕೂಡ ಮಾತ ಬಿಟ್ಟಾಳ" ಎಂದು ಕಣ್ಣು ಒರೆಸಿಕೊಂಡಳು. ನಾನು ಪಕ್ಕದಲ್ಲೇ ಕುಳಿತು ಹಿಂಡಿಯನ್ನು ಡಬ್ಬಿಗೆ ತುಂಬುತ್ತಲೇ ಇದ್ದೆ. ಇವತ್ತು ಪತ್ರ ಓದಿದ ಕೂಡಲೇ ಫೋನ್ ಮಾಡು. ನನಗಲ್ಲ, ಅವ್ವನಿಗೆ.